ಆರಿಸುವವರೂ ಹುಡುಗಿಯರೇ ಆಗಿರಬೇಕು

ಇಳಕಲ್ ಸೀಮೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಬೆಳಿಗ್ಗೆ ಪೇಪರ್ ಓದುವ ಹಿರಿಯರು, ಮಧ್ಯಾಹ್ನ ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು, ಸಂಜೆ ಶಾಲೆ ಬಿಟ್ಟ ಮೇಲೆ ಹೈಸ್ಕೂಲಿನ ಹುಡುಗಿಯರು. ಮಕ್ಕಳಿಗೆ ಸದಸ್ಯತ್ವ ಉಚಿತವಾದ ಮೇಲೆ ಈ ಸಂಜೆಯ ಗುಂಪು ದೊಡ್ಡದಾಯಿತು. ಅವರು ತಾವೇ ಬರೆದು, ತಾವೇ ಆರಿಸಿ, ತಾವೇ ಹೊಲಿದು ಹಂಚುವ ಒಂದು ಪುಟ್ಟ ಪತ್ರಿಕೆ ನಮ್ಮಲ್ಲಿ ಬರುತ್ತದೆ. ಪತ್ರಿಕೆಯ ಹೆಸರನ್ನಾಗಲಿ, ಊರಿನ ಹೆಸರನ್ನಾಗಲಿ ಇಲ್ಲಿ ಹೇಳುತ್ತಿಲ್ಲ. ಹೇಳಬಾರದು ಎಂಬುದು ಅವರದೇ ತೀರ್ಮಾನ, ನಾನು ಅದಕ್ಕೆ ಬದ್ಧಳು.

ಶಾಲೆಯಲ್ಲಿ ಗೋಡೆ ಪತ್ರಿಕೆ ಮೊದಲಿನಿಂದ ಇತ್ತು. ಅದರಲ್ಲಿ ಹುಡುಗಿಯರು ಬರೆಯುತ್ತಿದ್ದದ್ದು ಸುವಿಚಾರ, ಒಗಟು, ಪರಿಸರ ದಿನಾಚರಣೆಯ ಪ್ರಬಂಧ. ಗೋಡೆಯ ಮೇಲಿನದನ್ನು ಹೆಡ್‌ಮಾಸ್ತರು ಓದುತ್ತಾರೆ, ಶಾಲಾ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಓದುತ್ತಾರೆ, ಯಾರದೋ ಕಾಕಾ ಬಂದವರು ಓದುತ್ತಾರೆ. ಅಷ್ಟು ಜನರ ಕಣ್ಣ ಮುಂದೆ ಹದಿನಾಲ್ಕರ ಹುಡುಗಿ ಮತ್ತೇನು ಬರೆದಾಳು? ಕೈಯಿಂದ ಕೈಗೆ ದಾಟುವ, ಪಾಟಿಚೀಲದಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಪುಸ್ತಕದಂಥದ್ದು ಬೇಕು ಅನ್ನಿಸಿತು. ಓದುವವಳು ತನ್ನಂಥವಳೇ ಅಂತ ಗೊತ್ತಾದ ದಿನ ಅವರ ಬರವಣಿಗೆ ಬದಲಾಯಿತು. ಪಾಠದ ಕನ್ನಡ ಹಿಂದೆ ಸರಿದು, ಮನೆಯಲ್ಲಿ ಆಡುವ ಮಾತು ಕಾಗದಕ್ಕೆ ಬಂತು.

ನಂಜನಗೂಡಿನ ತಿರುಮಲಾಂಬಾ ಅವರ ಕತೆಯನ್ನು ನಾನು ಅವರಿಗೆ ಆಗಾಗ ಹೇಳಿದ್ದೇನೆ. ಬಾಲವಿಧವೆಯಾದ ಆ ಹೆಣ್ಣುಮಗಳು 1913ರಲ್ಲೇ ಸ್ವಂತ ಗ್ರಂಥಮಾಲೆ ತೆರೆದರು, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಅಮೆರಿಕದ ಡುಲುತ್ ಎಂಬ ಊರಿನಲ್ಲಿ ನ್ಯಾನ್ಸಿ ಗ್ರೂವರ್ ಎಂಬ ತಾಯಿ 1990ರ ದಶಕದ ಆರಂಭದಲ್ಲಿ ತನ್ನ ಅವಳಿ ಹೆಣ್ಣುಮಕ್ಕಳ ಜೊತೆ ಸೇರಿ ‘ನ್ಯೂ ಮೂನ್’ ಪತ್ರಿಕೆ ಆರಂಭಿಸಿದ್ದನ್ನೂ ಹೇಳಿದೆ. ಅಲ್ಲಿ ಸಂಪಾದಕ ಮಂಡಳಿಯಲ್ಲಿ ಕೂತವರು ಹುಡುಗಿಯರೇ, ಜಾಹೀರಾತು ಇಲ್ಲ. ಇದನ್ನು ಕೇಳಿ ಒಬ್ಬಳು, “ಹಂಗಾರ ಯಾವುದು ಹಾಕಬೇಕು ಅನ್ನೋದನ್ನೂ ನಾವ ಹೇಳಬೇಕಲ್ರಿ ಅಕ್ಕಾರ?” ಅಂದಳು. ಅಲ್ಲಿಂದ ನಮ್ಮ ಕೆಲಸ ದಾರಿಗೆ ಬಿತ್ತು. ಹುಡುಗಿಯರಿಂದ ಬರೆಸಿ, ದೊಡ್ಡವರು ಆರಿಸಿ, ದೊಡ್ಡವರು ತಿದ್ದಿ ತರುವ ಸಂಚಿಕೆಗಳು ಸಾಕಷ್ಟಿವೆ. ಆರಿಸುವ ಹಕ್ಕು ಕೊಡದೆ ಬರೆಯಲು ಮಾತ್ರ ಹೇಳಿದರೆ ಅದು ಇನ್ನೊಂದು ಪ್ರಬಂಧ ಸ್ಪರ್ಧೆ.

ಆರಿಸುವುದು ಹೀಗೆ. ಬಂದ ಬರಹಗಳನ್ನೆಲ್ಲ ಹೆಸರು ಹೇಳದೆ ಒಬ್ಬಳು ಗಟ್ಟಿಯಾಗಿ ಓದುತ್ತಾಳೆ. ಉಳಿದವರು ವಾದ ಮಾಡುತ್ತಾರೆ. ಕೊನೆಗೆ ಎರಡು ಡಬ್ಬಿ ಇಟ್ಟು ಹುಣಸೆ ಬೀಜ ಹಾಕುತ್ತಾರೆ. ನನಗೆ ಬೀಜ ಇಲ್ಲ. ನನ್ನ ಕೈಯಲ್ಲಿರುವುದು ಒಂದೇ ಅಧಿಕಾರ: ಅಚ್ಚಾದರೆ ಯಾವುದಾದರೂ ಹುಡುಗಿಗೆ ಮನೆಯಲ್ಲೋ ಓಣಿಯಲ್ಲೋ ತೊಂದರೆ ಆಗುವಂಥದ್ದಿದ್ದರೆ ತಡೆಹಿಡಿಯುವುದು, ಯಾಕೆ ಅಂತ ಬರೆದವಳಿಗೆ ಒಬ್ಬಳಿಗೇ ಕೂತು ಹೇಳುವುದು. ಎಲ್ಲರಿಗೂ ಅಡ್ಡಹೆಸರಿದೆ. ಫೋಟೋ ಹಾಕುವುದಿಲ್ಲ. ಜೊತೆಯವಳ ಮದುವೆ ಗೊತ್ತುಮಾಡಿದ್ದಾರೆ ಅಂತ ಒಬ್ಬಳು ಬರೆದುಕೊಟ್ಟರೆ ಅದು ಮುಂದಿನ ಸಂಚಿಕೆಗೆ ಕಾಯುವ ವಿಷಯ ಅಲ್ಲ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ವಿಷಯ. ಆ ನಂಬರು ಪ್ರತಿ ಸಂಚಿಕೆಯ ಹಿಂಬದಿ ಪುಟದಲ್ಲಿ ಇರುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಮದುವೆಯೇ ಅಲ್ಲ ಎಂಬ ಸಾಲೂ ಅದರ ಜೊತೆಗಿರುತ್ತದೆ.

ಅತಿ ಹೆಚ್ಚು ವಾದ ಆದದ್ದು ಕಂಡಿಕಿ ಸುತ್ತುವ ಬರಹದ ಮೇಲೆ. ಬರೆದವಳು ಒಂಬತ್ತನೇ ಇಯತ್ತೆ, ನೇಕಾರರ ಮನೆಯವಳು. ಅಪ್ಪ ಮಗ್ಗದ ಮೇಲೆ ಕೂತರೆ ಲಾಳಿಗೆ ಹಾಕುವ ಕಂಡಿಕಿಗೆ ನೂಲು ಸುತ್ತಿಕೊಡುವುದು ಅವ್ವ ಮತ್ತು ಅವಳ ಕೆಲಸ. ಬಲಗೈ ರಾಟಿ ತಿರುಗಿಸುತ್ತದೆ, ಎಡಗೈ ನೂಲು ಹಿಡಿದಿರುತ್ತದೆ, ಪುಸ್ತಕ ತೊಡೆಯ ಮೇಲೆ. ಹಾಗೆ ಕೂತು ಸಮಾಜ ಬಾಯಿಪಾಠ ಮಾಡಬಹುದು, ಗಣಿತ ಆಗುವುದಿಲ್ಲ, ಗಣಿತಕ್ಕೆ ಕೈ ಬೇಕು. “ಅದಕ್ಕ ನನಗ ಸಮಾಜದಾಗ ಮಾರ್ಕ್ಸ್ ಬರ್ತಾವು, ಗಣಿತದಾಗ ಬರಂಗಿಲ್ಲ. ಸರ್ ನಂದು ತಲಿ ದಡ್ಡ ಅಂತಾರ” ಎಂದು ಬರೆದಿದ್ದಳು.

ಓದಿ ಮುಗಿಸಿದಾಗ ಅರ್ಧ ಜನ “ಇದನ್ನ ಹಾಕಬ್ಯಾಡ್ರಿ, ಆಕಿ ಅಪ್ಪನ ಮರ್ಯಾದಿ ಹೋಗತೈತಿ” ಅಂದರು. ಉಳಿದವರು, ಅಪ್ಪನನ್ನು ಅವಳು ಎಲ್ಲಿ ಬೈದಿದ್ದಾಳೆ, ತನ್ನ ಕೈ ಏನು ಮಾಡುತ್ತದೆ ಅಂತಷ್ಟೇ ಬರೆದಿದ್ದಾಳೆ ಅಂತ ಪಟ್ಟು ಹಿಡಿದರು. ಹೆಸರು ಗೊತ್ತಿಲ್ಲದಿದ್ದರೂ ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಕಂಡಿಕಿ ಸುತ್ತುವವರೇ. ಬೀಜ ‘ಹಾಕು’ ಡಬ್ಬಿಯಲ್ಲೇ ಹೆಚ್ಚು ಬಿದ್ದವು. ಆ ಬರಹದ ಒಂದು ಅಕ್ಷರ ತಿದ್ದಲೂ ನಾನು ಒಪ್ಪಲಿಲ್ಲ. ಅದನ್ನು ಓದಿದ ಇನ್ನೊಬ್ಬಳು ಕೊಂಡಿ ಕೂಡಿಸುವ ಕೆಲಸವನ್ನು ಚಿತ್ರದಲ್ಲಿ ತಂದಳು. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿದರೆ ಮಾತ್ರ ಟೋಪ ತೆನಿ ಎಂಬ ವಿನ್ಯಾಸದ ಸೆರಗು ಮೈಗೆ ಸೇರುತ್ತದೆ. ತನ್ನ ಆಯಿಯ ಬೆರಳುಗಳನ್ನು ನೋಡಿ ನೋಡಿ ಆ ಕುಣಿಕೆಯನ್ನು ಹಂತ ಹಂತವಾಗಿ ಬರೆದಿದ್ದಳು. ನಮ್ಮ ಪತ್ರಿಕೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಪುಟ ಅದು.

ಪ್ರಶ್ನೆಯ ಪುಟವೂ ಇದೆ. ಡಬ್ಬಿಯಲ್ಲಿ ಚೀಟಿ ಹಾಕುತ್ತಾರೆ, ಆರೋಗ್ಯ ಉಪಕೇಂದ್ರದ ಸಿಸ್ಟರ್ ಉತ್ತರ ಬರೆದುಕೊಡುತ್ತಾರೆ. “ಶಾಲ್ಯಾಗ ಕೊಡೋ ನೀಲಿ ಗುಳಿಗಿ ತಗೊಂಡ್ರ ಮುಂದ ಮಕ್ಕಳಾಗಂಗಿಲ್ಲಂತ, ಖರೇ ಏನ್ರಿ?” ಎಂಬ ಚೀಟಿ ಬಂದಿತ್ತು. ಅದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಗುಳಿಗೆ, ರಕ್ತ ಕಡಿಮೆ ಆಗದಿರಲಿ ಅಂತ ವಾರಕ್ಕೊಂದು ಕೊಡುತ್ತಾರೆ, ಊಟ ಆದಮೇಲೆ ನುಂಗಬೇಕು, ಮಲ ಕಪ್ಪಾದರೆ ಹೆದರಬೇಡಿ, ಮಕ್ಕಳಾಗುವುದಕ್ಕೆ ಅದು ಅಡ್ಡಿಯಲ್ಲ ಅಂತ ಸಿಸ್ಟರ್ ಬರೆದರು. ಎಷ್ಟು ಹುಡುಗಿಯರು ಆ ಗುಳಿಗೆಯನ್ನು ಬಾಯಲ್ಲಿಟ್ಟುಕೊಂಡು ಹಿಂದೆ ಹೋಗಿ ಉಗುಳುತ್ತಿದ್ದರು ಅನ್ನುವುದು ಆಮೇಲೆ ಅವರ ಮಾತಿನಲ್ಲೇ ತಿಳಿಯಿತು.

ತಯಾರಿಯ ಬಗ್ಗೆ ಕೇಳುವವರಿಗೆ: ನಾಲ್ಕು ಎ4 ಹಾಳೆ ನಡುವೆ ಮಡಚಿದರೆ ಹದಿನಾರು ಪುಟ. ಮೊದಲು ಖಾಲಿ ಹಾಳೆ ಮಡಚಿ ಪುಟಸಂಖ್ಯೆ ಬರೆದು ಬಿಡಿಸಿ ನೋಡಿ. ಒಂದರ ಪಕ್ಕ ಹದಿನಾರು, ಎರಡರ ಪಕ್ಕ ಹದಿನೈದು, ಅಕ್ಕಪಕ್ಕದ ಎರಡನ್ನು ಕೂಡಿಸಿದರೆ ಯಾವಾಗಲೂ ಹದಿನೇಳೇ ಬರಬೇಕು. ಕಪ್ಪು ಪೆನ್ನಿನಲ್ಲೇ ಬರೆಯಬೇಕು. ನೀಲಿ ಶಾಯಿ ಝೆರಾಕ್ಸ್‌ನಲ್ಲಿ ಮಸುಕಾಗುತ್ತದೆ, ಪೆನ್ಸಿಲ್ ಸರಿಯಾಗಿ ಕಾಣುವುದಿಲ್ಲ. ನಾಲ್ಕೂ ಕಡೆ ಬೆರಳಗಲ ಜಾಗ ಬಿಡಿ, ಇಲ್ಲದಿದ್ದರೆ ಅಂಚಿನ ಅಕ್ಷರ ಹೋಗುತ್ತದೆ. ಟೈಪ್ ಮಾಡಿಸೋಣವೇ ಅಂತ ಕೇಳಿದ್ದೆ, ಬೇಡ ಅಂದರು. ಸಣ್ಣ ಸ್ಟೇಪ್ಲರ್ ನಡುವಿನ ಮಡಿಕೆಯವರೆಗೆ ಮುಟ್ಟುವುದಿಲ್ಲ. ದಬ್ಬಣದಿಂದ ಮೂರು ತೂತು ಹಾಕಿ, ಮಗ್ಗದಲ್ಲಿ ಉಳಿದ ನೂಲಿನಿಂದ ನಡುವಿನ ತೂತಲ್ಲಿ ಶುರುಮಾಡಿ, ಮೇಲಿನದು, ಕೆಳಗಿನದು ಸುತ್ತಿ ಮತ್ತೆ ನಡುವಿಗೇ ಬಂದು ಗಂಟು ಹಾಕುತ್ತಾರೆ. ಹದಿನೈದನೇ ಪುಟವನ್ನು ಗೆರೆ ಎಳೆದು ಖಾಲಿ ಬಿಡುತ್ತೇವೆ. ಓದಿದವರು ಅಲ್ಲಿ ಬರೆದು ಪ್ರತಿಯನ್ನು ಗ್ರಂಥಾಲಯಕ್ಕೆ ವಾಪಸು ತರಬೇಕು, ಅವೇ ಮುಂದಿನ ಸಂಚಿಕೆಯ ಓದುಗರ ಓಲೆ. ಕಂಡಿಕಿ ಬರಹದ ಪ್ರತಿಗಳು ವಾಪಸು ಬಂದಾಗ ಒಂದರಲ್ಲಿ ಯಾರೋ ತಾಯಿಯ ಸೊಟ್ಟ ಅಕ್ಷರ ಇತ್ತು: “ನಾನೂ ಹಿಂಗ ಸಾಲಿ ಬಿಟ್ಟೀನಿ.”

ಪಿಯುಸಿ ಮುಗಿಸಿದವರು ಮಂಡಳಿ ಬಿಟ್ಟು ಎಂಟನೆಯವರಿಗೆ ಜಾಗ ಕೊಡಬೇಕು ಅನ್ನುವುದು ಅವರೇ ಮಾಡಿಕೊಂಡ ನಿಯಮ. ಈಗ ಹುಡುಗರೂ ಬಂದು, ನಮ್ಮ ಬರಹವನ್ನೂ ಹಾಕಿರಿ ಅಂತ ಕೇಳುತ್ತಿದ್ದಾರೆ. ಹುಡುಗಿಯರು ಇನ್ನೂ ಬೀಜ ಹಾಕಿಲ್ಲ. ನನ್ನನ್ನು ಕೇಳಿದ ಹುಡುಗರಿಗೆ, “ಹಾಳಿ, ದಬ್ಬಣ ನಾ ಕೊಡ್ತೀನ್ರಪಾ, ನಿಮ್ಮದೊಂದು ನೀವ ಶುರು ಮಾಡ್ರಿ” ಅಂದಿದ್ದೇನೆ.