‘ತಪ್ಪಾಯ್ತು’ ಅನ್ನೋದರಿಂದ ನನ್ನ ಇಂಗ್ಲಿಷ್ ಶುರುವಾಯ್ತು

ನಾನು ಗದಗ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ್ದು. ಬೆಂಗಳೂರಿಗೆ ಬಂದು ಒಂದು ಕೊರಿಯರ್ ಕಂಪನಿಯಲ್ಲಿ ಗ್ರಾಹಕರ ದೂರು ಕೇಳೋ ಕೆಲಸಕ್ಕೆ ಸೇರಿದೆ. ಪಾರ್ಸೆಲ್ ತಡವಾಯ್ತು, ಒಡೆದು ಬಂತು, ಪಕ್ಕದ ಮನೆಗೆ ಹೋಯ್ತು ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಗಳು, ಅರ್ಧಕ್ಕಿಂತ ಜಾಸ್ತಿ ಇಂಗ್ಲಿಷಿನಲ್ಲಿ. ನನಗೆ ಗೊತ್ತಿದ್ದದ್ದು ‘ಸಾರಿ’ ಒಂದೇ. ಅದನ್ನೇ ನಾಲ್ಕು ಸಲ ಹೇಳಿದರೆ ಆಚೆಯವರಿಗೆ ಸಿಟ್ಟು ಇನ್ನೂ ಏರುತ್ತಿತ್ತು.

ಒಂದು ದಿನ ಹಿಂದಿನ ದಿನ ಕೂಗಾಡಿದ್ದ ಗ್ರಾಹಕಿ ಒಬ್ಬರು ತಾವಾಗಿಯೇ ಕರೆ ಮಾಡಿ, ‘ಐ ಆ್ಯಮ್ ಸಾರಿ ಅಬೌಟ್ ಯೆಸ್ಟರ್‌ಡೇ’ ಅಂದರು. ನನಗೆ ತುಂಬಾ ಖುಷಿಯಾಯ್ತು. ‘ಐ ಫರ್ಗಿವ್ ಯು, ಮೇಡಂ’ ಅಂದೆ. ಆ ಕಡೆ ಮಾತೇ ಇಲ್ಲ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಆಮೇಲೆ ಕೇಳಿದರು, ‘ಊರಲ್ಲಿ ಯಾರಾದರೂ ತಪ್ಪಾಯ್ತು ಅಂದ್ರೆ ನೀನು ನಿಮ್ಮನ್ನು ಕ್ಷಮಿಸಿದ್ದೇನೆ ಅಂತೀಯಾ?’ ಇಲ್ಲ ಮೇಡಂ, ಇರ್ಲಿ ಬಿಡ್ರಿ ಅಂತೀನಿ ಅಂದೆ. ‘ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಸ್ ಓಕೆ, ದಟ್ಸ್ ಆಲ್ ರೈಟ್, ನೋ ವರೀಸ್. ಫರ್ಗಿವ್ ಅನ್ನೋದು ದೊಡ್ಡ ಗಾಯಕ್ಕೆ ಇಟ್ಟಿರೋ ಮಾತು.’

ಅವತ್ತೇ ಒಂದು ನೋಟ್‌ಬುಕ್ ತಂದೆ. ಎಡಗಡೆ ಮನೆಯಲ್ಲಿ ನಿಜವಾಗಿ ಆಡೋ ಮಾತು, ಬಲಗಡೆ ಅದೇ ಜಾಗದಲ್ಲಿ ಇಂಗ್ಲಿಷ್ ಮಾತಾಡೋರು ಏನಂತಾರೆ ಅನ್ನೋದು. ಡಿಕ್ಷನರಿಯಲ್ಲಿ ‘ಕ್ಷಮೆ’ ಹುಡುಕೋದು ಬಿಟ್ಟೆ, ಯಾಕಂದ್ರೆ ನಾವು ದಿನದಲ್ಲಿ ಆ ಪದ ಬಳಸೋದೇ ಇಲ್ಲ, ಅಲ್ವಾ? ಬೇಜಾರು ಮಾಡ್ಕೋಬೇಡಿ ಅಂತೀವಿ, ತಪ್ಪು ತಿಳ್ಕೋಬೇಡಿ ಅಂತೀವಿ, ಹೊಟ್ಟೆಗೆ ಹಾಕ್ಕೊಳ್ಳಿ ಅಂತೀವಿ. ‘ತಪ್ಪು ತಿಳ್ಕೋಬೇಡಿ’ಗೆ ‘ಡೋಂಟ್ ಟೇಕ್ ಇಟ್ ದ ರಾಂಗ್ ವೇ’ ಸಿಕ್ಕಿತು. ‘ಬೇಕಂತ ಮಾಡಿಲ್ಲ’ ಅನ್ನೋದಕ್ಕೆ ‘ಐ ಡಿಡ್ನ್ಟ್ ಮೀನ್ ಟು’. ‘ಮನಸ್ಸಲ್ಲಿ ಇಟ್ಕೊಂಡಿದ್ದಾನೆ’ ಅನ್ನೋದಕ್ಕೆ ‘ಹೀ ಈಸ್ ಹೋಲ್ಡಿಂಗ್ ಅ ಗ್ರಜ್’. ‘ಮತ್ತೆ ಒಂದಾದರು’ ಅಂದರೆ ‘ದೇ ಮೇಡ್ ಅಪ್’. ರಾತ್ರಿ ಊಟ ಆದಮೇಲೆ ತಮ್ಮನ ಜೊತೆ ಜೋರಾಗಿ ಹೇಳಿ ನೋಡುತ್ತಿದ್ದೆ. ಅವನು ಸಿಟ್ಟಾದ ಗ್ರಾಹಕ, ನಾನು ನಾನೇ.

ಅತಿ ಜಾಸ್ತಿ ದಿನ ಹಿಡಿದದ್ದು ‘ತಪ್ಪಾಯ್ತು’ ಅನ್ನೋ ಒಂದೇ ಮಾತು. ಕನ್ನಡದಲ್ಲಿ ಅದರೊಳಗೆ ‘ನಾನು’ ಇಲ್ಲ, ತಪ್ಪು ತಾನಾಗಿ ಆದ ಹಾಗೆ ಇರುತ್ತದೆ, ಆದರೂ ಕೈಮುಗಿದು ಹೇಳಿದಾಗ ಯಾರದು ಅಂತ ಕೇಳೋರಿಗೆ ತಿಳಿಯುತ್ತದೆ. ಅದನ್ನೇ ನಾನು ಇಮೇಲ್‌ನಲ್ಲಿ ‘ಮಿಸ್ಟೇಕ್ ಹ್ಯಾಪನ್ಡ್’ ಅಂತ ಬರೀತಿದ್ದೆ. ಓದಿದವರಿಗೆ ಇವಳು ಜಾರಿಕೊಳ್ತಿದ್ದಾಳೆ ಅನ್ನಿಸುತ್ತಿತ್ತು. ‘ಇಟ್ ವಾಸ್ ಅವರ್ ಮಿಸ್ಟೇಕ್’ ಅಂತ ಬರೆಯೋಕೆ ಶುರು ಮಾಡಿದ ಮೇಲೆ ಉತ್ತರಗಳ ದನಿಯೇ ಮೆತ್ತಗಾಯ್ತು.

‘ರಿಗ್ರೆಟ್’ ಅನ್ನೋದರ ತೂಕ ತಿಳಿದದ್ದು ಸುದ್ದಿ ಓದುತ್ತಾ. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬೋ ಹೊತ್ತಿಗೆ, 2019ರ ಏಪ್ರಿಲ್‌ನಲ್ಲಿ, ಬ್ರಿಟನ್ ಪ್ರಧಾನಿ ತೆರೇಸಾ ಮೇ ಅಲ್ಲಿನ ಸಂಸತ್ತಿನಲ್ಲಿ ಮಾತಾಡಿದರು. ‘ರಿಗ್ರೆಟ್’ ಅಂದರು, ‘ಅಪಾಲಜೈಸ್’ ಅನ್ನಲಿಲ್ಲ. ನಮ್ಮಲ್ಲಿ ತುಂಬಾ ಜನಕ್ಕೆ ಅದು ಸಾಲಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಹೋದ 376 ಭಾರತೀಯರಲ್ಲಿ ಹೆಚ್ಚಿನವರನ್ನು ಕೆನಡಾದ ವ್ಯಾಂಕೂವರ್‌ನಲ್ಲಿ ಇಳಿಯೋಕೆ ಬಿಡದೆ ವಾಪಸ್ ಕಳಿಸಿದ್ದರು. ಅದಕ್ಕೆ ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೊ 2016ರ ಮೇ ತಿಂಗಳಲ್ಲಿ ತಮ್ಮ ಸಂಸತ್ತಿನಲ್ಲಿ ನೇರವಾಗಿ ಕ್ಷಮೆ ಕೇಳಿದರು. ಒಂದು ಪದ ‘ಹೀಗಾಗಬಾರದಿತ್ತು’ ಅನ್ನುತ್ತದೆ, ಇನ್ನೊಂದು ‘ನಾವು ಮಾಡಿದೆವು, ತಪ್ಪಾಯ್ತು’ ಅನ್ನುತ್ತದೆ. ‘ವಿ ರಿಗ್ರೆಟ್ ದ ಇನ್‌ಕನ್ವೀನಿಯನ್ಸ್’ ಅನ್ನೋ ರೆಡಿ ಸಾಲನ್ನು ನಾನು ಅವತ್ತಿಂದ ಅಂಟಿಸಿಲ್ಲ. ಒಡೆದದ್ದು ನಮ್ಮ ಕೈಯಲ್ಲಾದರೆ ‘ಐ ಅಪಾಲಜೈಸ್ ಫಾರ್ ದ ಡ್ಯಾಮೇಜ್’ ಅಂತಲೇ ಬರೆಯುತ್ತೇನೆ.

ವ್ಯಾಕರಣ ಇದರ ಹಿಂದೆಯೇ ಬಂತು. ‘ಸಾರಿ ಫಾರ್’ ಆದಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು: ಸಾರಿ ಫಾರ್ ಶೌಟಿಂಗ್. ‘ಅಪಾಲಜೈಸ್’ ಆದಮೇಲೆ ಯಾರಿಗೆ ಅನ್ನೋದಕ್ಕೆ ‘ಟು’, ಯಾಕೆ ಅನ್ನೋದಕ್ಕೆ ‘ಫಾರ್’. ದಾರಿ ಕೇಳೋ ಮುಂಚೆ ‘ಎಕ್ಸ್‌ಕ್ಯೂಸ್ ಮಿ’, ಕಾಲು ತುಳಿದ ಮೇಲೆ ‘ಸಾರಿ’. ಇವನ್ನೆಲ್ಲ ನಾನು ಬಾಯಿಪಾಠ ಮಾಡಲೇ ಇಲ್ಲ. ದಿನಕ್ಕೆ ಹತ್ತಾರು ಸಲ ಹೇಳಿ ಹೇಳಿ ನಾಲಿಗೆಗೆ ಕೂತವು.

ಒಂದು ಮಾತು ಮಾತ್ರ ತಡವಾಗಿ ಅರ್ಥವಾಯ್ತು. ಅಪ್ಪ ತೀರಿಕೊಂಡು ಹದಿನೈದು ದಿನಕ್ಕೆ ಕೆಲಸಕ್ಕೆ ವಾಪಸ್ ಬಂದೆ. ಬೇರೆ ರಾಜ್ಯದ ಮ್ಯಾನೇಜರ್ ಬಂದು ‘ಐ ಆ್ಯಮ್ ಸೋ ಸಾರಿ’ ಅಂದರು. ಇವರದೇನು ತಪ್ಪು ಅಂತ ನಾನು ಸುಮ್ನೆ ನೋಡಿದೆ. ‘ಸಾರಿ’ ಹುಟ್ಟಿದ್ದು ‘ಸೋರ್’ ಅನ್ನೋ ಪದದ ಬುಡದಲ್ಲೇ, ಅಂದರೆ ನೋವು, ಅಂತ ಆಮೇಲೆ ಓದಿದೆ. ಅವರು ತಪ್ಪು ಒಪ್ಪಿಕೊಂಡಿರಲಿಲ್ಲ, ನನಗೂ ನೋಯ್ತಿದೆ ಅಂದಿದ್ದರು. ಈಗ ಅಂಥ ಹೊತ್ತಲ್ಲಿ ‘ಥ್ಯಾಂಕ್ ಯು’ ಅಂತೀನಿ, ಅದೇ ಸರಿಯಾದ ಉತ್ತರ.

ನೋಟ್‌ಬುಕ್‌ನಲ್ಲಿ ಒಂದು ಸಾಲಿನ ಬಲಗಡೆ ಇನ್ನೂ ಖಾಲಿ ಇದೆ. ದಸರೆಯಲ್ಲಿ ನಮ್ಮ ಕಡೆ ಬನ್ನಿ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತೀವಿ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಮಾತಾಡ್ತಾರೆ. ಅಲ್ಲಿ ‘ಬೆರಿ ದ ಹ್ಯಾಚೆಟ್’ ಅಂತ ಬರ್ಕೋ ಅಂತ ಒಬ್ಬರು ಹೇಳಿದರು. ಅದು ಕೊಡಲಿ ಹೂಳೋ ಮಾತು, ನಮ್ಮದು ಎಲೆ ಕೊಡೋ ಮಾತು, ಮನಸ್ಸು ಒಪ್ಪಲಿಲ್ಲ. ಕೊನೆಗೆ ಆ ಮ್ಯಾನೇಜರ್‌ಗೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ಒಂದೂ ಕನ್ನಡ ಪದ ಸೇರಿಸದೆ, ಐದು ನಿಮಿಷ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, ಈ ಸಲ ಊರಿಂದ ಬರುವಾಗ ತಮಗೂ ನಾಲ್ಕು ಎಲೆ ತರೋಕೆ ಹೇಳಿದರು.