ಡೊಂಕು ಬಾಲದ ಮರಿಗಳು: ಒಂದು ಗೆಕೊ ಜೋಡಿಯನ್ನು ನಾನು ನಿಲ್ಲಿಸಿದ್ದು ಏಕೆ

ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಯ ಒಳಕೋಣೆಯಲ್ಲಿ 2022ರ ಮೇ ತಿಂಗಳಲ್ಲಿ ಮೊಟ್ಟೆಯೊಡೆದು ಹೊರಬಂದ, ಲೆಪರ್ಡ್ ಗೆಕೊ ಎಂಬ ಸಾಕುಹಲ್ಲಿಯ ಮರಿಯೊಂದರ ಬಾಲವು ನಡುಭಾಗದಲ್ಲಿ ಎಡಕ್ಕೆ ಮಡಿಸಿದಂತೆ ತಿರುಗಿತ್ತು. ಮೊಟ್ಟೆಯೊಳಗೆ ಸುತ್ತಿಕೊಂಡು ಮಲಗಿದ್ದರಿಂದ ಹೀಗಾಗಿದೆ, ನಾಲ್ಕು ದಿನದಲ್ಲಿ ನೆಟ್ಟಗಾದೀತು ಎಂದುಕೊಂಡೆ. ಆಗಲಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಅದೇ ಜೋಡಿಗೆ ಹುಟ್ಟಿದ ಆರು ಮರಿಗಳಲ್ಲಿ ಮೂರರ ಬಾಲ ಡೊಂಕಾಗಿತ್ತು. ಒಂದರದು ನಡುವಿನಲ್ಲಿ, ಇನ್ನೊಂದರದು ಬುಡದ ಹತ್ತಿರ, ಮತ್ತೊಂದರದು ತುದಿಯಲ್ಲಿ.

ಬಾಲವೆಂದರೆ ಈ ಪ್ರಾಣಿಗೆ ಅಲಂಕಾರವಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣನೆಲದಲ್ಲಿ ವಿಕಾಸಗೊಂಡ ಇದು ಕೊಬ್ಬನ್ನು ಬಾಲದಲ್ಲೇ ಕೂಡಿಟ್ಟುಕೊಂಡು, ಆಹಾರ ಸಿಗದ ದಿನಗಳನ್ನು ಅದರಿಂದಲೇ ಕಳೆಯುತ್ತದೆ. ಅಪಾಯ ಬಂದಾಗ ನಮ್ಮ ಗೋಡೆಯ ಹಲ್ಲಿಯಂತೆಯೇ ಬಾಲವನ್ನು ಕಳಚಿ ಓಡುತ್ತದೆ. ಬಾಲದ ಕಶೇರುಗಳಲ್ಲಿ (ಬೆನ್ನೆಲುಬಿನ ಬಿಡಿ ಮೂಳೆಗಳಲ್ಲಿ) ಅದಕ್ಕಾಗಿಯೇ ಸೀಳುಗೆರೆಗಳಿವೆ. ಮತ್ತೆ ಬೆಳೆಯುವ ಬಾಲ ಗಿಡ್ಡಗೆ, ಗಡ್ಡೆಯಂತೆ ಉಬ್ಬಿರುತ್ತದೆ. ಅದರೊಳಗೆ ಕಶೇರುಗಳ ಬದಲು ಮೃದ್ವಸ್ಥಿಯ ಕೊಳವೆಯೊಂದು ಮಾತ್ರ ಇರುತ್ತದೆ. ನೋಡಲು ಅಂದವಿಲ್ಲವೆಂದು ಕೊಳ್ಳುವವರು ಇಂಥ ಪ್ರಾಣಿಯನ್ನು ಬದಿಗಿಡುತ್ತಾರೆ. ಆದರೆ ಕಳಚಿ ಬೆಳೆದ ಬಾಲ ಮರಿಗಳಿಗೆ ಹೋಗುವುದಿಲ್ಲ. ಚಿಂತೆ ಮಾಡಬೇಕಾದದ್ದು ಹುಟ್ಟಿನಿಂದಲೇ ಬಂದ ಡೊಂಕಿನ ಬಗ್ಗೆ.

ಕಾರಣ ಹುಡುಕಲು ಹೊರಟಾಗ ಮೊದಲು ಅನುಮಾನ ಬಂದದ್ದು ಕ್ಯಾಲ್ಸಿಯಂ ಮೇಲೆ. ಕ್ಯಾಲ್ಸಿಯಂ ಮತ್ತು ಡಿ3 ವಿಟಮಿನ್ ಸಾಲದಿದ್ದರೆ ಎಲುಬು ಮೆತ್ತಗಾಗಿ ಕಾಲು ಬಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ಬೆನ್ನು ಮತ್ತು ಬಾಲ ಅಂಕುಡೊಂಕಾಗುತ್ತವೆ. ನಾನು ಕೊಡುತ್ತಿದ್ದುದು ಮೀಲ್‌ವರ್ಮ್ ಎಂಬ ಹುಳು, ಮನೆಯಲ್ಲೇ ಸಾಕಿದ ಡೂಬಿಯಾ ಜಿರಲೆ, ಮತ್ತು ಚಿತ್ರದುರ್ಗದ ಕಡೆ ರೇಷ್ಮೆ ಕೃಷಿ ಮಾಡುವ ನೆಂಟರು ಕಳಿಸುವ ರೇಷ್ಮೆಹುಳು. ಮೂರರಲ್ಲೂ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು, ಆದ್ದರಿಂದ ಯಾವ ಹುಳುವನ್ನಾದರೂ ಕ್ಯಾಲ್ಸಿಯಂ ಪುಡಿ ಸವರದೆ ಕೊಡಬಾರದು. (ಹೊಲದಲ್ಲಿ ಹಿಡಿದ ಮಿಡತೆಯನ್ನು ನಾನು ಎಂದೂ ಕೊಟ್ಟವನಲ್ಲ, ನಮ್ಮ ಸುತ್ತಲಿನ ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿಯ ಭಯ ನನಗಿದೆ.) ಪುಡಿಯನ್ನು ತಪ್ಪಿಸದೆ ಹಾಕಿದ್ದೆನೆಂಬ ನಂಬಿಕೆಯಿತ್ತಾದರೂ ನಂಬಿಕೆಯೊಂದೇ ಸಾಲದೆಂದು, ಮರಿಗಳು ಐದು ತಿಂಗಳಿನವಾದಾಗ ನಗರದ ಪಶುವೈದ್ಯರೊಬ್ಬರಲ್ಲಿ ಎಕ್ಸ್-ರೇ ತೆಗೆಸಿದೆ. ಎಲುಬುಗಳು ಬೆಳ್ಳಗೆ, ಗಟ್ಟಿಯಾಗಿಯೇ ಕಂಡವು. ನಡುಬಾಲ ತಿರುಗಿದ ಮರಿಯಲ್ಲಿ ಮಾತ್ರ ಒಂದು ಕಶೇರು ಬೆಣೆಯ ಆಕಾರದಲ್ಲಿ, ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣದಾಗಿತ್ತು. ಅದು ಆಹಾರದ ಕೊರತೆಯಿಂದ ಆಮೇಲೆ ಬಾಗಿದ್ದಲ್ಲ, ಮೊಟ್ಟೆಯೊಳಗೇ ಹಾಗೆ ರೂಪುಗೊಂಡದ್ದು.

ಉಳಿದವು ಎರಡು: ಕಾವು ಮತ್ತು ರಕ್ತ, ಅಂದರೆ ವಂಶ. ಕಾವಿನ ದಾಖಲೆ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಲೆಪರ್ಡ್ ಗೆಕೊ ಪ್ರತಿ ಸರದಿಗೆ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನು ಇಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದು ಕಾವಿನ ಉಷ್ಣತೆಯಿಂದಲೇ ನಿರ್ಧಾರವಾಗುತ್ತದೆ; 26ರಿಂದ 28 ಡಿಗ್ರಿಯಲ್ಲಿ ಹೆಚ್ಚಾಗಿ ಹೆಣ್ಣು, 32ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು. ನಾನು ಕಾವುಪೆಟ್ಟಿಗೆಯನ್ನು 28 ಡಿಗ್ರಿಗೆ ಇಟ್ಟಿದ್ದೆ. ಆದರೆ ಥರ್ಮೋಸ್ಟಾಟ್ ಇರುವ ಕಾವುಪೆಟ್ಟಿಗೆ ಬಿಸಿ ಮಾಡಬಲ್ಲದೇ ಹೊರತು ತಂಪು ಮಾಡಲಾರದು ಎಂಬ ಸರಳ ಸಂಗತಿಯನ್ನು ನಾನು ಯೋಚಿಸಿಯೇ ಇರಲಿಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆಯ ಮಧ್ಯಾಹ್ನ 38 ಡಿಗ್ರಿ ಮುಟ್ಟುವಾಗ, ತಾರಸಿಯ ಕೆಳಗಿನ ನಮ್ಮ ಕೋಣೆಯಲ್ಲಿ ಹೀಟರ್ ಆರಿದ್ದರೂ ಪೆಟ್ಟಿಗೆಯೊಳಗಿನ ಥರ್ಮಾಮೀಟರಿನ ಗರಿಷ್ಠ ಅಂಕಿ ಒಂದು ದಿನ 35.8 ತೋರಿಸಿತ್ತು. ಮೂರೂ ಡೊಂಕು ಮರಿಗಳು ಏಪ್ರಿಲ್‌ನ ಮೊಟ್ಟೆಗಳವು, ಅವುಗಳ ಮೊದಲ ವಾರಗಳು ಆ ಬಿಸಿಲಲ್ಲೇ ಕಳೆದಿದ್ದವು. ಅಂಗಾಂಗಗಳು ರೂಪುಗೊಳ್ಳುವ ಆ ಆರಂಭದ ವಾರಗಳಲ್ಲಿ ಅತಿಯಾದ ಕಾವು ಬಿದ್ದರೆ ಬೆನ್ನು, ಬಾಲಗಳ ಊನ ಬರುತ್ತದೆಂಬುದು ಸರೀಸೃಪ ಸಾಕುವವರು ಚೆನ್ನಾಗಿ ಬಲ್ಲ ವಿಷಯ. ಮಾರ್ಚ್‌ನ ಮೊಟ್ಟೆಗಳ ಮೂರು ಮರಿಗಳು ನೆಟ್ಟಗಿದ್ದವು.

ಇಲ್ಲಿಗೆ ಉತ್ತರ ಸಿಕ್ಕಿತೆಂದು ನಾನು ಸಮಾಧಾನಪಟ್ಟೆ. ಆ ಸಮಾಧಾನ ಅವಸರದ್ದಾಗಿತ್ತು. ಮರುವರ್ಷ ಅದೇ ಜೋಡಿಯನ್ನು ಚಳಿಗಾಲದಲ್ಲೇ ಕೂಡಿಸಿ, ಜನವರಿಯ ಮೊಟ್ಟೆಗಳನ್ನು ಕೆಳಮನೆಯ ತಂಪು ಕೋಣೆಯಲ್ಲಿ, ನೀರಿನ ಬಾಟಲಿಗಳನ್ನು ಸುತ್ತ ಜೋಡಿಸಿದ ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಕರೆಂಟು ಹೋದರೂ ನಡೆಯುವಂತೆ ಯುಪಿಎಸ್ ಸಹಿತ ಇಟ್ಟೆ. ಸಮತೂಕದ ನೀರು ಬೆರೆಸಿದ ವರ್ಮಿಕ್ಯುಲೈಟ್‌ನಲ್ಲಿ (ತೇವ ಹಿಡಿದಿಡುವ ಹಗುರ ಖನಿಜ) ಮೊಟ್ಟೆಗಳನ್ನು ಇಟ್ಟು, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರಳಿಸದೆ ಕಾಯ್ದೆ. ಎರಡು ತಿಂಗಳು ಉಷ್ಣತೆ 27.5ರ ಕೆಳಗಿಳಿಯಲಿಲ್ಲ, 28.5 ದಾಟಲಿಲ್ಲ. ನಾಲ್ಕು ಮೊಟ್ಟೆಗಳಿಂದ ಮೂರು ಮರಿಗಳು ಬಂದವು. ಅವುಗಳಲ್ಲಿ ಒಂದರ ಬಾಲ, ಮೊದಲ ಮರಿಯದು ಬಾಗಿದ್ದ ಜಾಗದಲ್ಲೇ, ಎಡಕ್ಕೇ ತಿರುಗಿತ್ತು.

ಆಗ ಈ ಜೋಡಿಯನ್ನು ನನಗೆ ಮಾರಿದವರನ್ನು ಮೊದಲ ಸಲ ನೇರವಾಗಿ ಕೇಳಿದೆ. ಗಂಡು ಹೆಣ್ಣು ಎರಡೂ ಒಂದೇ ತಂದೆತಾಯಿಯ ಮರಿಗಳೆಂದು ಅವರು ಒಪ್ಪಿಕೊಂಡರು. ಕೊಳ್ಳುವಾಗ ಬಣ್ಣವನ್ನು ನೋಡಿದೆನೇ ಹೊರತು ಈ ಪ್ರಶ್ನೆಯನ್ನು ಕೇಳಿರಲಿಲ್ಲ, ಅದು ನನ್ನ ತಪ್ಪು. ಮೂರರಲ್ಲಿ ಒಂದು ಮರಿ ಎಂಬುದು ಆನುವಂಶಿಕತೆಗೆ ಸಾಕ್ಷ್ಯವಾಗಲಾರದು, ಅದು ನನಗೆ ಗೊತ್ತು. ಆದರೂ ಒಂದು ಜೋಡಿಯನ್ನು ಮುಂದುವರಿಸಲು ಬಲವಾದ ಕಾರಣ ಬೇಕು, ನಿಲ್ಲಿಸಲು ಇಷ್ಟು ಅನುಮಾನವೇ ಸಾಕು ಎಂದು ನಾನು ತೀರ್ಮಾನಿಸಿದೆ.

ನಿಲ್ಲಿಸುವುದು ಎಣಿಸಿದಷ್ಟು ಸುಲಭವಾಗಿರಲಿಲ್ಲ. ಹೆಣ್ಣು ಗೆಕೊ ಗಂಡಿನ ವೀರ್ಯವನ್ನು ದೇಹದಲ್ಲಿ ಉಳಿಸಿಕೊಳ್ಳುವುದರಿಂದ, ಬೇರ್ಪಡಿಸಿದ ಮೇಲೂ ಮೂರು ಸರದಿ ಮೊಟ್ಟೆ ಇಟ್ಟಿತು. ಇಟ್ಟ ದಿನವೇ ಅವನ್ನು ಫ್ರೀಜರಿನಲ್ಲಿಟ್ಟೆ. ಬೆಳವಣಿಗೆ ತೀರ ಆರಂಭದಲ್ಲಿರುವಾಗಲೇ ನಿಲ್ಲಿಸುವುದು, ಎರಡು ತಿಂಗಳು ಕಾಯ್ದು ಊನದ ಮರಿಯನ್ನು ನೋಡುವುದಕ್ಕಿಂತ ಮೇಲೆನ್ನಿಸಿತು, ಆದರೆ ಪ್ರತಿ ಸಲವೂ ಕೈ ಹಿಂಜರಿದಿತ್ತು. ಮೊಟ್ಟೆಗಳಿಗಾಗಿ ಅದರ ಮೈಯಿಂದ ಹೋದ ಕ್ಯಾಲ್ಸಿಯಂ ತುಂಬಿಕೊಳ್ಳಲೆಂದು ಆ ತಿಂಗಳುಗಳಲ್ಲಿ ಪುಡಿಯನ್ನು ಒಂದು ಚಿಕ್ಕ ತಟ್ಟೆಯಲ್ಲಿ ಸದಾ ಇಟ್ಟಿರುತ್ತಿದ್ದೆ.

ಡೊಂಕು ಬಾಲದ ನಾಲ್ಕು ಮರಿಗಳಲ್ಲಿ ಮೂರನ್ನು, ಮರಿ ಮಾಡಿಸಕೂಡದೆಂದು ಬರೆದುಕೊಟ್ಟು, ಪರಿಚಯದವರಿಗೆ ಹಣ ಪಡೆಯದೆ ಕೊಟ್ಟೆ. ಇಂಥ ಪ್ರಾಣಿ ಸಾಕಲು ಯೋಗ್ಯವೇ. ಉಣ್ಣುತ್ತದೆ, ಓಡಾಡುತ್ತದೆ, ಬಹಳ ವರ್ಷ ಬದುಕಬಲ್ಲದು. ನಾಲ್ಕನೆಯದು ಅಚ್ಚ ಕಿತ್ತಳೆ ಬಣ್ಣದ ಹೆಣ್ಣು. ಒಬ್ಬರು ಒಳ್ಳೆಯ ಬೆಲೆ ಹೇಳಿ, ಬಾಲದ ಡೊಂಕು ಮರಿಗೆ ಬಂದರೂ ಬರದಿದ್ದರೂ ಈ ಬಣ್ಣ ಬಂದೇ ಬರುತ್ತದೆ ಎಂದರು. ಕೊಡಲಿಲ್ಲ. ಬಣ್ಣಕ್ಕಾಗಿ ಆರೋಗ್ಯವನ್ನು ಕಡೆಗಣಿಸಿದ್ದರ ಫಲ ಈ ಹವ್ಯಾಸದಲ್ಲಿ ಮೊದಲೇ ಕಂಡಿದೆ: ಲೆಮನ್ ಫ್ರಾಸ್ಟ್ ಎಂಬ ಬಣ್ಣದ ತಳಿಗೆ ಜನ ಮುಗಿಬಿದ್ದರು, ಆಮೇಲೆ ಅವುಗಳಲ್ಲಿ ಬಹುಪಾಲಿನ ಚರ್ಮದಲ್ಲಿ ಗೆಡ್ಡೆಗಳು ಎದ್ದವು, ಅದರ ಹಿಂದೆ ಸ್ಪಿಂಟ್1 ಎಂಬ ಜೀನ್ ಇದೆಯೆಂದು 2021ರಲ್ಲಿ ಸಂಶೋಧಕರು ತೋರಿಸಿದರು. ಬಣ್ಣ ಕೊಡುವ ಜೀನೇ ಗೆಡ್ಡೆಯನ್ನೂ ಕೊಡುತ್ತಿತ್ತು.

ಆ ಕಿತ್ತಳೆ ಹೆಣ್ಣು ಇನ್ನೂ ನನ್ನ ಬಳಿಯಿದೆ. ಪೊರೆ ಬಿಡುವಾಗಲೆಲ್ಲ ಡೊಂಕಿನ ಸಂದಿಯಲ್ಲಿ ಪೊರೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಟ್ಟರೆ ಅದು ಬಿಗಿದು ತುದಿಗೆ ರಕ್ತ ಹೋಗದೆ ಕಪ್ಪಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹತ್ತಿಕಡ್ಡಿಯಿಂದ ತೆಗೆಯುತ್ತೇನೆ. ಈಗ ಮರಿ ಮಾಡಿಸುತ್ತಿರುವ ಹೊಸ ಜೋಡಿಯ ಗಂಡು ಹೆಣ್ಣು ಬೇರೆ ಬೇರೆ ಊರಿನವು, ಎರಡರ ತಂದೆತಾಯಿಗಳ ದಾಖಲೆಯೂ ನನ್ನ ಬಳಿಯಿದೆ. ಗಂಡಿಗೆ ಬಾಲ ಕಳಚಿ ಮತ್ತೆ ಬೆಳೆದದ್ದು, ಅದಕ್ಕೇ ಅಗ್ಗವಾಗಿ ಸಿಕ್ಕಿತು. ಅದರ ಮರಿಗಳ ಬಾಲ ಇದುವರೆಗೆ ನೆಟ್ಟಗಿದೆ, ಆದರೂ ಮಾರ್ಚ್ 10ರ ನಂತರ ಇಟ್ಟ ಮೊಟ್ಟೆಗಳಿಗೆ ಕಾವು ಕೊಡುವುದಿಲ್ಲ.