ಸೀಟಿ ಜೇಬಿಗಿಳಿದ ಮೇಲೆ

ದೈಹಿಕ ಶಿಕ್ಷಣದ ತರಬೇತಿಯಲ್ಲಿ ಆಟದ ಸಿದ್ಧಾಂತಗಳನ್ನು ನಾನು ಉರು ಹೊಡೆದದ್ದು ಪರೀಕ್ಷೆಗಾಗಿ. ಅಂಕ ಬಂತು, ಓದಿದ್ದು ಮರೆಯಿತು. ನೆನಪಿನಲ್ಲಿ ಉಳಿದದ್ದು ಷಿಲ್ಲರ್ ಮತ್ತು ಹರ್ಬರ್ಟ್ ಸ್ಪೆನ್ಸರ್ ಹೇಳಿದ ಹೆಚ್ಚುವರಿ ಶಕ್ತಿಯ ಸಿದ್ಧಾಂತ ಮಾತ್ರ: ಬದುಕಿಗೆ ಬೇಕಾದಷ್ಟು ಖರ್ಚಾಗಿ ಮಿಕ್ಕ ಶಕ್ತಿ ಆಟವಾಗಿ ಹೊರಬೀಳುತ್ತದೆ. ಅದನ್ನೇ ನಂಬಿ, ತರಗತಿಯಲ್ಲಿ ಗಲಾಟೆ ಮಾಡುವವರನ್ನು ಮೈದಾನದ ಸುತ್ತ ಓಡಿಸುತ್ತಿದ್ದೆ. ಐದು ಸುತ್ತು ಓಡಿ ಏದುಸಿರು ಬಿಡುತ್ತ ಕುಸಿದವರು ಎರಡೇ ನಿಮಿಷದಲ್ಲಿ ನೆಲದ ಮೇಲೆ ಗೆರೆ ಎಳೆದು ಹೊಸ ಆಟ ಹೂಡುತ್ತಿದ್ದರು. ಮಿಕ್ಕ ಶಕ್ತಿಯನ್ನೆಲ್ಲ ನಾನೇ ಹಿಂಡಿದ್ದೆನಲ್ಲ!

ಹಳೆಯ ಟಿಪ್ಪಣಿ ತೆಗೆದೆ. ಮೊರಿಟ್ಜ್ ಲಾಜರಸ್ 1883ರಲ್ಲೇ ಇದಕ್ಕೆ ತದ್ವಿರುದ್ಧ ಹೇಳಿದ್ದ: ಆಟ ಇರುವುದು ದಣಿವಾರಿಸಿಕೊಳ್ಳಲು. ದೊಡ್ಡವರ ಬಿಡುವಿನ ವೇಳೆಗೆ ಇದು ಒಪ್ಪುತ್ತದೆ. ಎದ್ದೊಡನೆ ಆಟಕ್ಕಿಳಿಯುವ ಮಗುವಿಗೆ ಯಾವ ದಣಿವು? ಆಟ ಮುಂದಿನ ಬದುಕಿನ ತಾಲೀಮು ಎಂದ ಕಾರ್ಲ್ ಗ್ರೂಸ್ ನನಗೆ ಇವರಿಗಿಂತ ಹತ್ತಿರದವನೆನಿಸಿದ.

ನನ್ನ ದೊಡ್ಡ ತಪ್ಪು ಬೇರೆಯೇ. ಹಗ್ಗದಾಟ ಮಕ್ಕಳಿಗೆ ಇಷ್ಟವೆಂದು ಕಂಡು, ಹೆಚ್ಚು ಜಿಗಿದವರಿಗೆ ನಕ್ಷತ್ರದ ಚೀಟಿ ಅಂಟಿಸತೊಡಗಿದೆ. ಮೊದಲ ವಾರ ಮೈದಾನ ತುಂಬಿತು. ಎರಡನೆಯ ವಾರ ಎಣಿಕೆಯ ಜಗಳ. ಚೀಟಿ ಮುಗಿದ ದಿನ ಹಗ್ಗ ಮೂಲೆಯಲ್ಲೇ ಬಿದ್ದಿತ್ತು. 1973ರಲ್ಲಿ ಮನಶ್ಶಾಸ್ತ್ರಜ್ಞ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕಂಡದ್ದೂ ಇದನ್ನೇ: ಬಹುಮಾನ ಸಿಗುತ್ತದೆಂದು ಮೊದಲೇ ಹೇಳಿಸಿಕೊಂಡು ಬಿಡಿಸಿದವರಿಗೆ ಆಮೇಲೆ ಆ ಕೆಲಸದಲ್ಲಿ ಆಸಕ್ತಿ ಇಳಿದಿತ್ತು. ಆಟಕ್ಕೆ ನಾನು ಕೂಲಿ ಕೊಟ್ಟೆ, ಅವರು ಕೆಲಸ ಮಾಡಿದರು, ಕೂಲಿ ನಿಂತಿತು, ಕೆಲಸ ಬಿಟ್ಟರು. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ.

ಈಗ ಅವಧಿಯ ಕೊನೆಯ ಹದಿನೈದು ನಿಮಿಷ ಸೀಟಿ ನನ್ನ ಜೇಬಿನಲ್ಲಿರುತ್ತದೆ. ಹಗ್ಗ, ಚೆಂಡು, ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹರಡಿ ದೂರ ನಿಲ್ಲುತ್ತೇನೆ. ಯಾರಿಗಾದರೂ ಪೆಟ್ಟಾಗುವಂತಿದ್ದರೆ ಮಾತ್ರ ಒಳಬರುತ್ತೇನೆ. ಸುಮ್ಮನೆ ನಿಲ್ಲುವುದು ಓಡಿಸುವುದಕ್ಕಿಂತ ಕಷ್ಟ, ಅದೂ ಮುಖ್ಯ ಶಿಕ್ಷಕರು ಕಿಟಕಿಯಿಂದ ನೋಡುತ್ತಿರುವಾಗ!

ಒಬ್ಬ ಹುಡುಗಿ ಮಾತ್ರ ದಿನವೂ ಗೋಡೆಗೊರಗಿ ನಿಲ್ಲುತ್ತಿದ್ದಳು. ಮೊದಲಾಗಿದ್ದರೆ ಕೈಹಿಡಿದು ಸಾಲಿಗೆ ಎಳೆಯುತ್ತಿದ್ದೆ. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಮಿಲ್‌ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳು ಬೆರೆಯುವ ಬಗೆಗಳನ್ನು ವಿಂಗಡಿಸುವಾಗ ಬರೀ ನೋಡುತ್ತ ನಿಲ್ಲುವುದಕ್ಕೂ ಒಂದು ಸ್ಥಾನ ಕೊಟ್ಟಿದ್ದು ನೆನಪಾಗಿ ಸುಮ್ಮನಾದೆ. ಮೂರು ವಾರ ನೋಡಿದಳು. ಒಂದು ದಿನ ಹಗ್ಗದವರು ಎಣಿಕೆ ತಪ್ಪಿ ಕಿತ್ತಾಡುತ್ತಿದ್ದಾಗ ಗೋಡೆಯ ಬಳಿಯಿಂದಲೇ “ಹದಿನೇಳು” ಎಂದಳು. ಯಾರೂ ಎದುರಾಡಲಿಲ್ಲ. ನನ್ನ ಲೆಕ್ಕದಲ್ಲಿ ಹದಿನೈದಿತ್ತು.